ಬುಟ್ಟಿ ಕಾರಿನ ವಾರೆ ಬಾಗಿಲು

ನನ್ನ ಡ್ರೈವಿಂಗ್ ಸ್ಕೂಲಿನಲ್ಲಿ ಮೊದಲ ಪಾಠ ಕ್ಲಚ್ಚಿನದಲ್ಲ, ಬ್ರೇಕಿನದೂ ಅಲ್ಲ. ಬಾಗಿಲು ಹಾಕಿಕೊಳ್ಳುವುದು. ಹೊಸದಾಗಿ ಬಂದವರು ಸೀಟಿನಲ್ಲಿ ಕೂತು ಬಾಗಿಲನ್ನು ಧಡಾರನೆ ಎಳೆದುಕೊಳ್ಳುತ್ತಾರೆ. ಅದು ಕೂರುವುದಿಲ್ಲ. ಇನ್ನೂ ಜೋರಾಗಿ ಎಳೆಯುತ್ತಾರೆ. ಆಗಲೂ ಕೂರುವುದಿಲ್ಲ. ಮೂರನೆಯ ಸಲಕ್ಕೆ ನನ್ನ ತಾಳ್ಮೆ ತಪ್ಪುತ್ತದೆ.

"ಎಳೀಬೇಡಿ ಸ್ವಾಮಿ, ಎತ್ತಿ! ಒಂದು ಬೆರಳಲ್ಲಿ ಸ್ವಲ್ಪ ಮೇಲಕ್ಕೆತ್ತಿ, ಆಮೇಲೆ ಹಾಕಿ. ಬುಟ್ಟಿ ಕಣ್ರೀ ಇದು, ಕುಸ್ತಿ ಮಾಡಿದ್ರೆ ಬಗ್ಗಲ್ಲ."

ಬುಟ್ಟಿ ಎಂದರೆ ಆ ಕಾರು. ಕಂಪನಿಯವರು ಅದಕ್ಕೆ ಏನೋ ಗತ್ತಿನ ಹೆಸರಿಟ್ಟು ಮೂತಿಯ ಮೇಲೆ ಹಿತ್ತಾಳೆಯ ಅಕ್ಷರಗಳಲ್ಲಿ ಬರೆಸಿದ್ದರು. ಯಾರೂ ಹಾಗೆ ಕರೆಯಲಿಲ್ಲ. ಗುಂಡಗೆ, ಚಿಕ್ಕದಾಗಿ, ಎಷ್ಟು ಜನ ಹತ್ತಿದರೂ ಇನ್ನೊಬ್ಬರಿಗೆ ಜಾಗ ಮಾಡಿಕೊಡುತ್ತಿದ್ದ ಅದನ್ನು ಜನ ಬುಟ್ಟಿ ಎಂದರು, ಅದೇ ನಿಂತಿತು. ಒಂದು ಕಾಲಕ್ಕೆ ದಾಯಾದಿಗಳ ಹಾಗೆ ಬೀದಿಗೆ ನಾಲ್ಕು ಬುಟ್ಟಿ ಇರುತ್ತಿದ್ದವು. ಎಲ್ಲ ಬುಟ್ಟಿಗಳದ್ದೂ ಡ್ರೈವರ್ ಕಡೆಯ ಬಾಗಿಲು ವಾರೆ. ಎತ್ತಿಯೇ ಹಾಕಬೇಕು.

ಆ ವಾರೆಗೆ ಕಾರಣ ನನ್ನ ಅಪ್ಪ ಎಂದು ಹುಟ್ಟಿದಾಗಿನಿಂದ ಕೇಳಿಕೊಂಡು ಬಂದವಳು ನಾನು. ಬುಟ್ಟಿ ತಯಾರಾಗಲು ಶುರುವಾದ ಮೊದಲ ವರ್ಷ ಅಪ್ಪ ಬಾಗಿಲು ವಿಭಾಗದ ಫೋರ್ಮನ್. ಬಾಗಿಲಿನ ಕೀಲುಗಳಿಗೆ ಕಾರಿನ ಮೈಯಲ್ಲಿ ಎಲ್ಲಿ ತೂತು ಕೊರೆಯಬೇಕು ಎಂದು ತೋರಿಸಲು ಒಂದು ಕಬ್ಬಿಣದ ಚೌಕಟ್ಟು ಇರುತ್ತದೆ. ಜಿಗ್ ಎನ್ನುತ್ತಾರೆ. ಆ ಜಿಗ್ಗನ್ನು ಒಂದು ಎಳೆಯಷ್ಟು ಕೆಳಗೆ ಬಿಗಿದುಬಿಟ್ಟಿದ್ದರು. ಯಾರಾದರೂ ಗಮನಿಸುವ ಹೊತ್ತಿಗೆ ಶೆಡ್ಡಿನ ತುಂಬ ಕಾರುಗಳಿಗೆ ತೂತು ಬಿದ್ದಾಗಿತ್ತು, ಆ ಅಳತೆಯನ್ನೇ ನಂಬಿ ಅಕ್ಕಪಕ್ಕದ ಅಚ್ಚುಗಳೂ ತಯಾರಾಗಿದ್ದವು. ಎಲ್ಲವನ್ನೂ ಮತ್ತೆ ಮಾಡಿಸುವ ತಾಕತ್ತು ಕಂಪನಿ ಕಟ್ಟಿದ ಯಜಮಾನರಿಗೆ ಇರಲಿಲ್ಲ. "ಎತ್ತಿ ಹಾಕ್ಕೊಳ್ಲಿ ಬಿಡಿ" ಎಂದು ಅವರು ಬಾಗಿಲಿನ ಗೋಜನ್ನು ಬಗೆಹರಿಸಿದರು. ಅಪ್ಪನನ್ನು ಫೋರ್ಮನ್ ಕೆಲಸದಿಂದ ತೆಗೆದು ಯಾರ್ಡಿಗೆ ಹಾಕಿದರು. ತಯಾರಾಗಿ ಬಂದ ಕಾರುಗಳನ್ನು ತೊಳೆದು ಸಾಲಾಗಿ ನಿಲ್ಲಿಸುವ ಕೆಲಸ. ಪ್ರತಿ ಕಾರಿನಿಂದ ಇಳಿದಾಗಲೂ ಆ ಬಾಗಿಲನ್ನು ಅವನೇ ಎತ್ತಿ ಹಾಕಬೇಕು, ರಿಟೈರ್ ಆಗುವವರೆಗೂ. ಈ ಶಿಕ್ಷೆ ಯಾರ ತಲೆಗೆ ಹೊಳೆಯಿತೋ, ಅವರಿಗೊಂದು ದೊಡ್ಡ ನಮಸ್ಕಾರ.

ಕಾರ್ಖಾನೆಯಲ್ಲಿ ಅಪ್ಪನಿಗೆ 'ವಾರೆ' ಎಂದು ಹೆಸರು ಬಿತ್ತು. ಹೆಸರು ಗೇಟಿನಲ್ಲಿ ನಿಲ್ಲಲಿಲ್ಲ, ಅಪ್ಪನ ಸೈಕಲ್ಲಿನ ಹಿಂದೆಯೇ ಮನೆಗೂ ಬಂತು. ಶಾಲೆಯಲ್ಲಿ ನಾನು ನಡೆದುಹೋಗುವಾಗ ಹುಡುಗರು ಕತ್ತು ವಾರೆ ಮಾಡಿಕೊಂಡು ನಿಲ್ಲುತ್ತಿದ್ದರು. ಒಬ್ಬನ ಕತ್ತನ್ನು ನಾನೇ ನೆಟ್ಟಗೆ ಮಾಡಿದ್ದೆ, ಅದಕ್ಕೆ ಹೆಡ್ಮಾಸ್ಟರು ಅಪ್ಪನನ್ನು ಕರೆಸಿದ್ದರು.

ಅಮ್ಮನ ಬಾಯಿಯಂತೂ ಕೇಳುವುದೇ ಬೇಡ. ಅಪ್ಪನ ಸಂಬಳ ಇಳಿದ ಮೇಲೆ ಅವಳು ಮನೆಯಲ್ಲೇ ಹೊಲಿಗೆ ಶುರು ಮಾಡಿದ್ದಳು. ಊರಿನವರ ಬ್ಲೌಸು, ಪರದೆ, ಶಾಲೆಯ ಯೂನಿಫಾರ್ಮು, ಎಲ್ಲ ಅವಳ ಕಾಲ ಬಳಿ ರಾಶಿ ಬಿದ್ದಿರುತ್ತಿತ್ತು. ಕಣ್ಣು ಉರಿದಾಗಲೆಲ್ಲ ಅಪ್ಪನಿಗೆ ಒಂದು ಸುತ್ತು ಪೂಜೆ. ಅಡುಗೆಮನೆಯ ಶೆಲ್ಫು ಜರುಗಿದರೂ ಅದೇ, ನಲ್ಲಿ ಸೋರಿದರೂ ಅದೇ. "ಒಂದು ಬೋಲ್ಟ್ ನೆಟ್ಟಗೆ ಬಿಗಿಯೋಕೆ ಬರದವರನ್ನ ಕಟ್ಕೊಂಡೆ ನೋಡು!" ಅಪ್ಪ ನಗುತ್ತಿದ್ದ. "ಅದೂ ನಿಜಾನೇ" ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗುತ್ತಿದ್ದ. ಎದುರು ಮಾತಾಡಿದ್ದನ್ನು ನಾನು ಕಂಡಿಲ್ಲ.

ಅಪ್ಪನ ತಮ್ಮ, ನನ್ನ ಚಿಕ್ಕಪ್ಪ, ಆ ಕಾಲಕ್ಕೆ ನಮ್ಮ ಮನೆಯಲ್ಲೇ ಇದ್ದ. ಅವನಿಗೆ ಅನ್ನ ಹಾಕಿ ದೊಡ್ಡವನನ್ನಾಗಿ ಮಾಡಿದವಳು ಅಮ್ಮ. ಅಪ್ಪನೇ ಅವನನ್ನು ಬಾಗಿಲು ವಿಭಾಗಕ್ಕೆ ಸೇರಿಸಿದ್ದ. ಅಪ್ಪ ಯಾರ್ಡಿಗೆ ಇಳಿದ ಮೇಲೆ ಚಿಕ್ಕಪ್ಪ ಮೇಲೆ ಹತ್ತಿದ, ಫೋರ್ಮನ್ ಆದ, ಕೊನೆಗೆ ಆಫೀಸಿನೊಳಗೆ ಫ್ಯಾನಿನ ಕೆಳಗೆ ಕುರ್ಚಿ ಸಿಕ್ಕಿತು. ಕೆಲಸಗಾರನೂ ಹೌದು, ಅದಕ್ಕಿಂತ ಹೆಚ್ಚಾಗಿ ಮಾತುಗಾರ. ಖಾಲಿ ಡಬ್ಬದ ಬಗ್ಗೆ ಕೂಡ ಅರ್ಧ ಗಂಟೆ ಮಾತಾಡಬಲ್ಲ. ನಮಗೆಲ್ಲ ಅವನೆಂದರೆ ಇಷ್ಟ. ನನಗೆ ಡ್ರೈವಿಂಗ್ ಕಲಿಸಿದ್ದೂ ಅವನೇ, ಇದನ್ನು ಹೇಳದಿದ್ದರೆ ತಪ್ಪಾಗುತ್ತದೆ.

ಆಮೇಲೆ ಬುಟ್ಟಿಯ ಕಂಪನಿಯನ್ನೇ ಮಾರಿದರು. ಯಜಮಾನರ ಮಕ್ಕಳು ಟ್ರ್ಯಾಕ್ಟರ್ ಮಾಡುವವರಿಗೆ ಮಾರಿದರು, ಅವರು ಬ್ಯಾಂಕಿನ ಕೈಗೆ ಕೊಟ್ಟು ಕೈ ತೊಳೆದುಕೊಂಡರು, ಬ್ಯಾಂಕಿನವರು ಮೆಷಿನ್ನುಗಳನ್ನು ಗುಜರಿಗೆ ಹಾಕಿ ಹೆಸರನ್ನು ಮಾತ್ರ ಬೀರುವಿನಲ್ಲಿಟ್ಟರು. ಕೊನೆಗೆ ಸಮುದ್ರದಾಚೆಯ ಒಂದು ದೊಡ್ಡ ಕಂಪನಿ ಬಂದು ಆ ಹೆಸರನ್ನು ಕೊಂಡುಕೊಂಡಿತು. ಮನೆ ಬೇಡ, ಮನೆಯವರು ಬೇಡ, ಬಾಗಿಲ ಮೇಲಿನ ಬೋರ್ಡು ಮಾತ್ರ ಬೇಕು ಎಂದ ಹಾಗೆ. ಎಲ್ಲೋ ಬೇರೆ ದೇಶದಲ್ಲಿ ಬ್ಯಾಟರಿಯ ಮೇಲೆ ಓಡುವ ಹೊಸ ಕಾರು ಮಾಡಿ, ಹಳೆಯ ಬುಟ್ಟಿಯ ಗುಂಡು ಮೂತಿಯನ್ನೇ ಅದಕ್ಕೆ ಅಂಟಿಸಿದರು.

ನನಗೆ ಅವರ ಪರಿಚಯವಾದದ್ದು ಒಂದು ನೋಟೀಸಿನಿಂದ. ನನ್ನ ಡ್ರೈವಿಂಗ್ ಸ್ಕೂಲಿನ ಬೋರ್ಡಿನ ಮೇಲೆ ಬುಟ್ಟಿಯ ಚಿತ್ರ ಬರೆಸಿದ್ದೆ. ಆ ಆಕಾರ ನಮ್ಮ ಸ್ವತ್ತು, ಅಳಿಸಿ ಎಂದರು. ಅಳಿಸಿದೆ. ಪೇಂಟರು ಅದರ ಮೇಲೊಂದು ಹೂವಿನ ಕುಂಡ ಬರೆದುಕೊಟ್ಟ. ಈಗ ನನ್ನದು ನರ್ಸರಿಯೋ ಡ್ರೈವಿಂಗ್ ಸ್ಕೂಲೋ ಎಂದು ಬಂದವರು ಕೇಳುತ್ತಾರೆ.

ಇಷ್ಟಕ್ಕೇ ಬಿಟ್ಟಿದ್ದರೆ ನನ್ನ ಪಾಡಿಗೆ ನಾನಿರುತ್ತಿದ್ದೆ. ಆದರೆ ಕಾರ್ಖಾನೆಯಲ್ಲಿ ಉಳಿದಿದ್ದ ಪೇಂಟ್ ಶೆಡ್ಡನ್ನು ಅವರು 'ಪರಂಪರಾ ಭವನ' ಮಾಡಲು ಹೊರಟರು. ಮೊದಲ ವರ್ಷದ ಕೆಲಸಗಾರರ ಫೋಟೋ ಮತ್ತು ಹೆಸರುಗಳನ್ನು ಒಂದು ಗೋಡೆಯ ತುಂಬ ಹಾಕುತ್ತಾರೆಂದು ಪೇಪರಿನಲ್ಲಿ ಬಂತು. ಅಪ್ಪ ಅದನ್ನು ಓದಿ, ಕನ್ನಡಕ ತೆಗೆದು, ಬಟ್ಟೆಯ ತುದಿಯಲ್ಲಿ ಒರೆಸಿಕೊಂಡ.

"ನನ್ನ ಹೆಸರೂ ಹಾಕ್ತಾರಾ?" ಎಂದು ಕೇಳಿದ.

ಅಪ್ಪ ತನಗೆ ಅಂತ ಏನನ್ನೂ ಕೇಳಿದವನಲ್ಲ. ಆ ಗೋಡೆಯ ಮೇಲೆ ಅವನ ಹೆಸರು ಬರಲೇಬೇಕು ಎಂದು ನಾನು ಹಟ ಹಿಡಿದೆ. ಅದಕ್ಕಿಂತ ದೊಡ್ಡ ಕೆಲಸ ನನಗೆ ಆ ತಿಂಗಳು ಇರಲಿಲ್ಲ.

ಅವರ ಆಫೀಸಿನಲ್ಲಿ ಇದನ್ನೆಲ್ಲ ನೋಡಿಕೊಳ್ಳುವವಳನ್ನು ನಾನು 'ಪರಂಪರೆ ಮೇಡಂ' ಎಂದು ಕರೆಯುತ್ತಿದ್ದೆ. ನಯವಾದ ಹೆಂಗಸು. ನೀರು ಕೊಟ್ಟಳು, ಕುರ್ಚಿ ಕೊಟ್ಟಳು, ಹೆಸರು ಮಾತ್ರ ಕೊಡಲಿಲ್ಲ.

"ನಿಮ್ಮ ತಂದೆಯವರ ಮೇಲೆ ಕ್ರಮ ತಗೊಂಡಿದ್ದಾರೆ. ಅಂಥವರನ್ನ ಗೋಡೆಗೆ ಹಾಕೋ ಹಾಗಿಲ್ಲ" ಎಂದಳು.

"ಯಾವುದಕ್ಕೆ ಕ್ರಮ ತಗೊಂಡ್ರು ಮೇಡಂ? ಬಾಗಿಲು ವಾರೆ ಆಯ್ತು ಅಂತ. ನಿಮ್ಮ ಹೊಸ ಕಾರಲ್ಲಿ ಏನಿಟ್ಟಿದ್ದೀರಿ?"

ಹೊಸ ಕಾರಿನ ಬಾಗಿಲನ್ನೂ ಎತ್ತಿ ಹಾಕಬೇಕು. ಸರಿಯಾಗಿಯೇ ಇರುವ ಬಾಗಿಲಿಗೆ ಒಂದು ಮೋಟರು ಇಟ್ಟು, ಬೆರಳಲ್ಲಿ ಎತ್ತಿದರೆ ಮಾತ್ರ ಮುಚ್ಚುವ ಹಾಗೆ ಮಾಡಿದ್ದರು. 'ಎತ್ತಿಕೊಂಡರೆ ನಿಮ್ಮದು' ಎಂದು ಬೀದಿ ಬೀದಿಗೆ ಜಾಹೀರಾತು. ಆ ಎತ್ತುವಿಕೆಗಾಗಿಯೇ ಜನ ಮುಗಿಬಿದ್ದು ಕೊಳ್ಳುತ್ತಿದ್ದರು.

"ಆಗ ಅದು ಡಿಫೆಕ್ಟ್" ಎಂದಳು ಮೇಡಂ, ಸ್ವಲ್ಪವೂ ಮುಜುಗರವಿಲ್ಲದೆ. "ಈಗ ಅದು ನಮ್ಮ ಗುರುತು. ಮತ್ತೆ ನೋಡಿ, ನಾವು ಕೊಂಡಿರೋದು ಬ್ರ್ಯಾಂಡ್. ಹಳೇ ಕಂಪನಿಯೋರು ಯಾರಿಗೆ ಏನು ಮಾಡಿದ್ರೋ ಅದು ನಮಗೆ ಸಂಬಂಧ ಇಲ್ಲ."

ಮೈ ಉರಿದುಹೋಯಿತು. ಮನೆಗೆ ಬಂದು ಕೂಗಾಡಿದೆ. ಆಗ ನಮ್ಮ ನೆರವಿಗೆ ಬಂದವನು ಚಿಕ್ಕಪ್ಪ. ರಿಟೈರ್ ಆದ ಮೇಲೆ ಅವನು ಹವ್ಯಾಸಿಗಳ ಹಳೆಯ ಬುಟ್ಟಿಗಳನ್ನು ರಿಪೇರಿ ಮಾಡಿಕೊಂಡಿದ್ದ. ಕಂಪನಿಯವರು ಅವನನ್ನು ಹುಡುಕಿ ಹಿಡಿದು 'ಪರಂಪರೆಯ ರಾಯಭಾರಿ' ಎಂದು ಮಾಡಿ, ಎದೆಯ ಮೇಲೆ ಹೆಸರಿರುವ ಕೋಟು ಹೊಲಿಸಿಕೊಟ್ಟಿದ್ದರು. ಆ ಕೋಟಿನಲ್ಲೇ ಬಂದು ನಮ್ಮ ನಡುಮನೆಯಲ್ಲಿ ಕೂತ.

"ಅತ್ತಿಗೆ, ನಾನಿದ್ದೀನಲ್ಲ. ಉದ್ಘಾಟನೆ ದಿನ ಸ್ಟೇಜ್ ಮೇಲೆ ಮಾತಾಡೋನು ನಾನೇ. ಬಾಗಿಲಿನ ವಿಷಯ ಬಂದಾಗ ಅಣ್ಣನ ಹೆಸರು ತಾನಾಗೇ ಬರುತ್ತೆ. ಗೋಡೆ ಮೇಲೂ ಹಾಕಿಸ್ತೀನಿ. ಅಣ್ಣನ ಹೆಸರಿಲ್ದಿದ್ರೆ ನನ್ನ ಹೆಸರೂ ಬೇಡ ಅಂದುಬಿಡ್ತೀನಿ."

"ನಿನ್ನ ಬಾಯಲ್ಲಿ ಬಂದ್ರೆ ಸಾಕು ಕಣೋ" ಎಂದಳು ಅಮ್ಮ. ಅವಳ ಕಣ್ಣು ತುಂಬಿತ್ತು. ತಾನು ಬೈಯುವುದು ಬೇರೆ, ಊರೆಲ್ಲ ಬೈಯುವುದು ಬೇರೆ. ಅವಳಿಗೂ ಆ ಗೋಡೆ ಬೇಕಾಗಿತ್ತು.

ಅಪ್ಪ ತಮ್ಮನ ಮುಖವನ್ನೇ ನೋಡುತ್ತಾ, "ಸ್ಟೇಜ್ ಮೇಲೆ ಏನು ಹೇಳ್ತೀಯಾ?" ಎಂದು ಕೇಳಿದ.

"ಇದ್ದಿದ್ದು ಇದ್ದ ಹಾಗೆ ಹೇಳ್ತೀನಿ ಅಣ್ಣ" ಎಂದ ಚಿಕ್ಕಪ್ಪ.

ಅಪ್ಪನ ಮುಖ ಅರಳಿದ್ದನ್ನು ನೋಡಿ ನನಗೇ ಆಶ್ಚರ್ಯವಾಯಿತು. ಒಂದು ಹೆಸರಿಗೆ ಇಷ್ಟು ಆಸೆಯೇ ಎಂದುಕೊಂಡೆ.

ಉದ್ಘಾಟನೆಯ ಬೆಳಿಗ್ಗೆ ಅಪ್ಪ ತನ್ನ ಶರ್ಟನ್ನು ತಾನೇ ಇಸ್ತ್ರಿ ಮಾಡಿಕೊಂಡ. ಅಮ್ಮ ಕಾಲರು ಸರಿ ಮಾಡಿ, "ಫೋಟೋ ತೆಗೆಯುವಾಗ ಕಣ್ಣು ಮುಚ್ಚಬೇಡಿ" ಎಂದಳು. ಮೂವರೂ ನನ್ನ ಬುಟ್ಟಿಯಲ್ಲೇ ಹೋದೆವು. ಪೇಂಟ್ ಶೆಡ್ಡಿಗೆ ಬಿಳಿ ಬಣ್ಣ ಬಳಿದು, ನೆಲಕ್ಕೆ ಗಾಜಿನಂಥ ಪಾಲಿಶ್ ಮಾಡಿಸಿದ್ದರು. ಒಳಗೆ ಬಣ್ಣದ ವಾಸನೆಯ ಬದಲು ಸೆಂಟಿನ ವಾಸನೆ. ನಡುವೆ ಮೊದಲ ಬುಟ್ಟಿಯನ್ನು ಹಗ್ಗ ಕಟ್ಟಿ ನಿಲ್ಲಿಸಿದ್ದರು, ಮುಟ್ಟಬಾರದಂತೆ. ಒಂದು ಗೋಡೆಗೆ ಉದ್ದಕ್ಕೂ ನೀಲಿ ಪರದೆ. ನಮಗೆ ಹಿಂದಿನ ಸಾಲಿನಲ್ಲಿ ಜಾಗ ಸಿಕ್ಕಿತು. ಅಪ್ಪ ಇಡೀ ಹೊತ್ತು ಆ ಪರದೆಯನ್ನೇ ನೋಡುತ್ತಿದ್ದ.

ಚಿಕ್ಕಪ್ಪ ಸ್ಟೇಜ್ ಹತ್ತಿದ. ಕಬ್ಬಿಣದ ಶೀಟಿನ ಬಗ್ಗೆ ಮಾತಾಡಿದ, ಬೇಸಿಗೆಯ ಶೆಡ್ಡಿನ ಬಗ್ಗೆ ಮಾತಾಡಿದ, ಜನರನ್ನು ನಗಿಸಿದ. ಆಮೇಲೆ ಬಾಗಿಲಿಗೆ ಬಂದ. ಅಮ್ಮ ನನ್ನ ಕೈ ಹಿಡಿದುಕೊಂಡಳು.

"ಎಲ್ಲರೂ ಕೇಳ್ತಾರೆ, ಬುಟ್ಟಿ ಬಾಗಿಲನ್ನ ಯಾಕೆ ಎತ್ತಿ ಹಾಕ್ಬೇಕು ಅಂತ. ನಮ್ಮ ಯಜಮಾನ್ರು ಒಂದಿನ ನನ್ನ ಹತ್ರ ಬಂದು, 'ನೋಡೋ, ಜನ ಈ ಕಾರನ್ನ ಮಗೂನ ಮುಟ್ಟಿದ ಹಾಗೆ ಮುಟ್ಬೇಕು, ಹಾಗೊಂದು ಬಾಗಿಲು ಕೂರಿಸು' ಅಂದ್ರು. ಅವತ್ತು ಆ ಜಿಗ್ ಬಿಗಿದಿದ್ದು ಈ ಕೈ." ಬಲಗೈಯನ್ನು ಮೇಲಕ್ಕೆ ಎತ್ತಿ ತೋರಿಸಿದ. ಕ್ಯಾಮೆರಾಗಳೆಲ್ಲ ಆ ಕೈಯ ಕಡೆ ತಿರುಗಿದವು, ಚಪ್ಪಾಳೆ ಬಿತ್ತು.

ನಾನು ಎದ್ದುಬಿಟ್ಟೆ. "ಸುಳ್ಳು!" ಎಂದು ಕಿರುಚಿದೆ. "ಆ ಬಾಗಿಲು ನಮ್ಮಪ್ಪಂದು! ಅದರಿಂದ ಹಾಳಾಗಿದ್ದು ನಮ್ಮಪ್ಪ!"

ಚಪ್ಪಾಳೆಯ ಗದ್ದಲದಲ್ಲಿ ನಮ್ಮ ಮುಂದಿನ ಎರಡು ಸಾಲಿನವರು ಮಾತ್ರ ತಿರುಗಿ ನೋಡಿದರು. ಇನ್ನೊಮ್ಮೆ ಕೂಗಲು ಬಾಯಿ ತೆರೆದಿದ್ದೆ, ಅಪ್ಪ ನನ್ನ ಮೊಣಕೈ ಹಿಡಿದು ಕೆಳಕ್ಕೆ ಎಳೆದ.

"ಕೂತ್ಕೋ. ಯಜಮಾನ್ರು ಹೇಳಿದ್ರು ಅನ್ನೋದೊಂದೇ ಸುಳ್ಳು. ಬಿಗಿದಿದ್ದು ಅವನೇ."

ನನಗೆ ಅರ್ಥವಾಗಲಿಲ್ಲ. ಅಮ್ಮನಿಗೆ ನನಗಿಂತ ಮುಂಚೆ ಅರ್ಥವಾಯಿತು. ಹಿಡಿದಿದ್ದ ನನ್ನ ಕೈಯನ್ನು ಬಿಟ್ಟಳು. ಅಷ್ಟರಲ್ಲಿ ಪರದೆ ಸರಿಯಿತು. ನೂರಾರು ಮುಖಗಳ ನಡುವೆ ಬಾಗಿಲು ವಿಭಾಗದ ಜಾಗದಲ್ಲಿ ಚಿಕ್ಕಪ್ಪನ ಫೋಟೋ, ಉಳಿದವರಿಗಿಂತ ದೊಡ್ಡದಾಗಿ. ಅಪ್ಪನ ಮುಖ ಎಲ್ಲೂ ಇರಲಿಲ್ಲ. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಡೆದು ನೋಡಿಬಂದೆ, ಇರಲಿಲ್ಲ.

ಟೀ ಕೊಡುವ ಮೇಜಿನ ಹತ್ತಿರ ಚಿಕ್ಕಪ್ಪನನ್ನು ಅಡ್ಡಗಟ್ಟಿದೆ. ಕೈಯಲ್ಲಿ ಕಪ್ಪು ಹಿಡಿದು ಯಾರೊಂದಿಗೋ ಹಲ್ಲು ಕಿರಿಯುತ್ತಿದ್ದ.

"ಏನು ಮಾಡಿಬಿಟ್ರಿ ಚಿಕ್ಕಪ್ಪ?"

ಅವನ ನಗು ಇಳಿಯಿತು. ನನ್ನನ್ನು ಕಂಬದ ಮರೆಗೆ ಕರೆದುಕೊಂಡು ಹೋದ. "ನೋಡಮ್ಮ, ಜಿಗ್ ಬಿಗಿದಿದ್ದು ಯಾರು ಅಂತ ಅವರು ಕೇಳಿದ್ರು. ನಾನು ಅಂದೆ. ನಿಜಾನೇ ಅಲ್ವಾ? ಆಮೇಲೆ ಯಜಮಾನ್ರ ಮಾತು, ಮಗು, ಅದೆಲ್ಲ ಅವರೇ ಬರೆದುಕೊಟ್ರು."

"ಅಪ್ಪನ ಹೆಸರು?"

"ಹೇಳೋಣ ಅಂತಾನೇ ಇದ್ದೆ. ಮೇಡಂ ಬೇಡ ಅಂದ್ರು. ಅಣ್ಣನ ಹೆಸರು ಬಂದ್ರೆ ಯಾಕೆ ಕೆಳಗಿಳಿಸಿದ್ರು ಅನ್ನೋದು ಬರುತ್ತೆ, ಅದು ಬಂದ್ರೆ ತಪ್ಪಾಗಿತ್ತು ಅನ್ನೋದು ಬರುತ್ತೆ. ತಪ್ಪು ಅನ್ನೋ ಪದಾನೇ ಈ ಕಟ್ಟಡದಲ್ಲಿ ಬರಬಾರದಂತೆ." ಕೋಟಿನ ಅಂಚು ನೇವರಿಸಿಕೊಂಡು, "ಅಣ್ಣ ದೊಡ್ಡ ಮನುಷ್ಯ, ಏನೂ ಅಂದ್ಕೊಳ್ಳಲ್ಲ" ಎಂದ.

ಆ ಮಾತಿಗೆ ಅವನ ಕೈಯಲ್ಲಿದ್ದ ಟೀಯನ್ನು ಕೋಟಿನ ಮೇಲೆ ಚೆಲ್ಲಬೇಕೆನಿಸಿತು. ಚೆಲ್ಲಿದೆ ಕೂಡ. ಅವನು ಕರ್ಚೀಫು ಹುಡುಕುತ್ತಿದ್ದ, ನಾನು ಹೊರಗೆ ಬಂದೆ.

ಅಪ್ಪ ಅಮ್ಮ ಕಾರಿನ ಪಕ್ಕ ನಿಂತಿದ್ದರು, ಹಳೆಯ ಯಾರ್ಡಿನಲ್ಲಿ. ಅಪ್ಪ ಜೀವಮಾನವೆಲ್ಲ ಕಾರು ನಿಲ್ಲಿಸಿದ್ದ ಜಾಗ ಈಗ ಅತಿಥಿಗಳ ಪಾರ್ಕಿಂಗ್ ಆಗಿತ್ತು. ನಾನು ಕೇಳುವ ಮುಂಚೆಯೇ ಅಪ್ಪ ಹೇಳತೊಡಗಿದ.

"ಅವನು ಹೊಸಬ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಜಿಗ್ ಬಿಗಿದ ಮೇಲೆ ಫೋರ್ಮನ್ ಇನ್ನೊಂದ್ಸಲ ಅಳತೆ ನೋಡಬೇಕು, ಅದು ರೂಲು. ನೋಡಿದ್ಯೇನೋ ಅಂದೆ. ನೋಡಿದೆ ಅಣ್ಣ ಅಂದ. ಬೇರೆ ಯಾರಾಗಿದ್ರೂ ನಾನು ಮತ್ತೆ ಅಳೀತಿದ್ದೆ. ತಮ್ಮ ಅಲ್ವಾ, ಎಲ್ಲರೆದುರು ಮತ್ತೆ ಅಳೆದ್ರೆ ಅವನಿಗೆ ಅವಮಾನ ಅಂತ ಬಿಟ್ಟೆ. ಅವನು ನೋಡಿರಲೇ ಇಲ್ಲ. ವಿಚಾರಣೆ ಬಂದಾಗ ಹೆದರಿ ನಡುಗ್ತಿದ್ದ. ನಿಜ ಹೇಳಿದ್ರೆ ಅವನನ್ನ ಮನೆಗೆ ಕಳಿಸ್ತಿದ್ರು. ನಾನೇ ಬಿಗಿದೆ ಅಂದೆ."

"ಇಷ್ಟು ವರ್ಷ ಯಾಕಪ್ಪ ಸುಮ್ಮನಿದ್ದೆ?"

"ಅವನೇ ಹೇಳಲಿ ಅಂತ ಕಾಯ್ತಿದ್ದೆ. ಊರಿಗೆ ಹೇಳೋದು ಬೇಡ. ನಮ್ಮಿಬ್ಬರ ನಡುವೆ ಒಂದ್ಸಲ, 'ಅಣ್ಣ, ನಂದು ತಪ್ಪಾಯ್ತು' ಅಂದಿದ್ರೆ ಸಾಕಿತ್ತು. ಮೊನ್ನೆ ಇದ್ದಿದ್ದು ಇದ್ದ ಹಾಗೆ ಹೇಳ್ತೀನಿ ಅಂದ್ನಲ್ಲ, ಇವತ್ತು ಅದನ್ನೇ ಹೇಳ್ತಾನೆ ಅಂದ್ಕೊಂಡೆ." ಅಪ್ಪ ಕನ್ನಡಕ ತೆಗೆದ. "ನಾನೇ ಬಿಗಿದೆ ಅಂತ ಲೋಕಕ್ಕೆಲ್ಲ ಹೇಳಿದ. ಹೆಮ್ಮೆಯಿಂದ ಹೇಳಿದ. ಬೈಗುಳಕ್ಕೆ ನಾನಾದೆ, ಚಪ್ಪಾಳೆಗೆ ಅವನಾದ. ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ."

ಅಪ್ಪ ಅತ್ತದ್ದನ್ನು ನಾನು ನೋಡಿದ್ದು ಅವತ್ತೇ. ಹೋಗಿ ತಬ್ಬಿಕೊಂಡೆ. ಒಳಗಿನಿಂದ ಮತ್ತೆ ಚಪ್ಪಾಳೆ ಕೇಳುತ್ತಿತ್ತು. ಆ ಇಡೀ ಬಿಳಿ ಕಟ್ಟಡಕ್ಕೆ ಬೆಂಕಿ ಬೀಳಲಿ ಎನಿಸಿತು.

ಅಮ್ಮ ಹತ್ತಿರ ಬಂದು ಅಪ್ಪನ ಎದುರು ನಿಂತಳು. ನಾನು ಪಕ್ಕಕ್ಕೆ ಸರಿದೆ. ಸಮಾಧಾನ ಮಾಡುತ್ತಾಳೆ ಎಂದುಕೊಂಡಿದ್ದೆ.

"ಅವನು ನಿಮಗೆ ಹೇಳಲಿಲ್ಲ ಅಂತ ಅಳ್ತಿದ್ದೀರಲ್ಲ," ಎಂದಳು, "ನೀವು ನನಗೆ ಹೇಳಿದ್ರಾ?"

ಅಪ್ಪ ತಲೆ ಎತ್ತಿದ.

"ದಿನಾ ಬೈದೆ ನಿಮ್ಮನ್ನ. ಮಗಳ ಮುಂದೆ ಬೈದೆ, ಬಂದವರ ಮುಂದೆ ಬೈದೆ. ಒಳಗಿನ ಕೋಣೆಯಲ್ಲಿ ಅವನು ಕೂತು ಕೇಳಿಸ್ಕೊಂಡು, ಹೊರಗೆ ಬಂದು, ಅತ್ತಿಗೆ ಊಟಕ್ಕೆ ಹಾಕಿ ಅಂತಿದ್ದ. ನಾನು ಹಾಕ್ತಿದ್ದೆ. ನಿಮ್ಮಿಬ್ಬರಿಗೂ ಗೊತ್ತಿತ್ತು. ಆ ಮನೆಯಲ್ಲಿ ಗೊತ್ತಿಲ್ಲದೆ ಬಡ್ಕೊಂಡಿದ್ದೋಳು ನಾನೊಬ್ಬಳೇ. ಅವನ ಮಾನ ಉಳಿಸಿದ್ರಿ, ಸರಿ. ನನ್ನನ್ನ ಏನು ಮಾಡಿದ್ರಿ?"

"ನೀನು ತಿಳ್ಕೊಂಡಿದ್ರೆ ಅವನನ್ನ ಮನೆಯಿಂದ ಓಡಿಸ್ತಿದ್ದೆ" ಎಂದ ಅಪ್ಪ, ಮೆಲ್ಲಗೆ.

"ಓಡಿಸ್ತಿದ್ದೆ" ಎಂದಳು ಅಮ್ಮ. "ಅದು ನನ್ನ ಹಕ್ಕಾಗಿತ್ತು."

ನಾನು ಅಪ್ಪನ ಮುಖ ನೋಡಿದೆ. ಶಾಲೆಯ ಅಂಗಳದಲ್ಲಿ ಇದೇ ಮನುಷ್ಯನಿಗಾಗಿ ನಾನು ಹೊಡೆದಾಡಿದ್ದೆ. ನಾನು ನಂಬಿದ್ದ ಅವನ ತಪ್ಪು ಅವನದಾಗಿರಲಿಲ್ಲ. ಅವನದೇ ಆದ ಇನ್ನೊಂದು ತಪ್ಪು ಮನೆಯೊಳಗೇ ಇತ್ತು, ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ನಾನು ಕಾರಿನ ಹಿಂದಿನ ಸೀಟು ತೋರಿಸಿ, "ಬಾಮ್ಮ, ಮನೆಗೆ ಹೋಗೋಣ" ಎಂದೆ.

"ನೀವಿಬ್ಬರೂ ಹೋಗಿ. ನಾನು ಬಸ್ಸಲ್ಲಿ ಬರ್ತೀನಿ" ಎಂದು ಅಮ್ಮ ಗೇಟಿನ ಕಡೆ ನಡೆದುಬಿಟ್ಟಳು. ಮಂಡಿ ನೋವಿನವಳು, ನಿಧಾನವಾಗಿ, ಸಾಲಾಗಿ ನಿಂತ ಹೊಸ ಕಾರುಗಳ ನಡುವೆ. ಅಪ್ಪ ಅವಳನ್ನು ಕೂಗಲಿಲ್ಲ. ನನ್ನ ಕಡೆ ನೋಡಿದ, ನಾನು ಏನಾದರೂ ಮಾಡುತ್ತೇನೆಂದು.

ನಾನು ಕಾರಿನ ಕೀಯನ್ನು ಅವನ ಅಂಗೈಯಲ್ಲಿಟ್ಟು ಅಮ್ಮನ ಹಿಂದೆ ಹೋದೆ.